ಅವ್ವ ಆಡಿದ ಮಾತುಗಳ ಮರ

ದಂಡೋತಿಯ ಸಾಬಮ್ಮ ಗಂಡನ ಹೆಸರು ಹೇಳದೆಯೇ ಹೊಸ್ತಿಲು ದಾಟಿದ ಸೊಸೆ. ಮದುವೆಯಾಗಿ ಬಂದ ದಿನ ನಾದಿನಿಯರು ಬಾಗಿಲಿಗೆ ಅಡ್ಡಲಾಗಿ ಕೈ ಹಿಡಿದು ನಿಂತಿದ್ದರು. "ಒಡಪು ಹಾಕಿ ನಮ್ಮಣ್ಣನ ಹೆಸರ ಹೇಳು, ಆಮ್ಯಾಲ ಒಳಗ ಕಾಲಿಡು" ಎಂದು ಪಟ್ಟು ಹಿಡಿದರು. ಆ ಸೀಮೆಯಲ್ಲಿ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ಆಡುವುದಿಲ್ಲ. ಆಡಲೇಬೇಕಾಗಿ ಬಂದರೆ ಪ್ರಾಸ ಕೂಡಿಸಿ ನಾಲ್ಕು ಮಾತು ಕಟ್ಟಿ, ಕಟ್ಟಿದ ಒಡಪಿನ ತುದಿಗೆ ಹೂವು ಮುಡಿಸಿದ ಹಾಗೆ ಹೆಸರನ್ನು ಇಡಬೇಕು. ಸಾಬಮ್ಮ ಅರೆಗಳಿಗೆ ನಿಂತು ನೋಡಿದಳು. ತಲೆ ತಗ್ಗಿಸಿ, ಅವರ ತೋಳುಗಳ ಕೆಳಗಿನಿಂದ ಮೀನಿನಂತೆ ನುಸುಳಿ ಸೀದಾ ಅಡುಗೆಮನೆ ಸೇರಿಕೊಂಡಳು. ನಾದಿನಿಯರು ಹೋ ಎಂದರು. ಅಂಗಳದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಮದುಮಗ ಭಾಗಣ್ಣ ನಕ್ಕು, "ಇರಲಿ ಬಿಡ್ರಿ. ಒಂದಿನ ನಾನೇ ಹೇಳಸ್ತೀನಿ" ಎಂದ.

ಅದು ಗಂಡ ಹೆಂಡಿರ ನಡುವಿನ ಹಳೇ ಹಟವಾಗಿ ಉಳಿಯಿತು. ಆಕೆ ಅವನನ್ನು "ಇವರೇ" ಎಂದಳು, "ಏನ್ರಿ, ಕೇಳಸ್ತದೇನು" ಎಂದಳು, ಮಗ ಹುಟ್ಟಿದ ಮೇಲೆ "ಚೌಡೇಶನಪ್ಪ" ಎಂದಳು. ಹೆಸರು ಮಾತ್ರ ಹೇಳಲಿಲ್ಲ. ಮುಪ್ಪಿನಲ್ಲಿ, ಹೇಳಬೇಕು ಎಂದು ಆಕೆಗೆ ಮನಸ್ಸಾದಾಗ ಅದಕ್ಕೊಂದು ದಾರಿ ಕಟ್ಟಿಕೊಟ್ಟವನು ಮಗ ಚೌಡೇಶ. ಆ ದಾರಿಯನ್ನು ಮುಚ್ಚಿದವನೂ ಅವನೇ. ಹಾಗೆ ನೋಡಿದರೆ ಇದು ಅವನ ಕಥೆ.

ಚೌಡೇಶ ಕಾಗಿಣಾ ಹೊಳೆಯ ದಂಡೆಯಲ್ಲಿ ಬೆಳೆದವನು. ಅಪ್ಪ ವಾರವೆಲ್ಲ ಶಹಾಬಾದಿನ ಕಡೆ ಪರಸಿ ಕಲ್ಲಿಗೆ ಪಾಲಿಶ್ ಹಾಕುವ ಶೆಡ್ಡಿನಲ್ಲಿ ದುಡಿದು, ರವಿವಾರ ಬಂದರೆ ಬಲೆ ಹೆಗಲಿಗೇರಿಸಿ ಹೊಳೆಗೆ ಇಳಿಯುತ್ತಿದ್ದ. ಮಗನಿಗೆ ಬಲೆ ಹೆಣೆಯಲು ಕಲಿಸಿ ಸೋತ. "ಇವನ ಕೈಯಾಗ ದಾರ ಕೊಟ್ರ ಗಂಟಷ್ಟೇ ಬೀಳ್ತಾವ, ಮೀನ ಬೀಳಂಗಿಲ್ಲ" ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಚೌಡೇಶ ಡಿಪ್ಲೊಮಾ ಓದಿದ, ಕೆಲವು ಕಾಲ ವಾಡಿಯಲ್ಲಿ ಲಾರಿಗಳಿಗೆ ಗೇಟ್ ಪಾಸು ಬರೆದ, ಕೊನೆಗೆ ಚಿತ್ತಾಪುರದ ಬಸ್ ನಿಲ್ದಾಣದ ಹಿಂದಿನ ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರಾಗಿ ನೆಲೆನಿಂತ. ಬೆಳಿಗ್ಗೆ ಟೈಪಿಂಗ್ ಕಲಿಸುವುದು, ಸಂಜೆ ಬಿಸಿಎ ಹುಡುಗರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವುದು. ಟೈಪಿಂಗ್ ಹೊಟ್ಟೆಪಾಡು, ಪ್ರೋಗ್ರಾಮಿಂಗ್ ಪ್ರೀತಿ.

ಅದರಲ್ಲೂ ಅವನಿಗೆ ಇಷ್ಟವಾದ ಪಾಠ ಪ್ರಿಫಿಕ್ಸ್ ಟ್ರೀ. ಅವನು ಅದನ್ನು ಮಾತಿನ ಮರ ಎನ್ನುತ್ತಿದ್ದ. ಹಲಗೆಯ ಮೇಲೆ ಗೆರೆ ಎಳೆಯುತ್ತ ಹುಡುಗರಿಗೆ ಹೇಳುತ್ತಿದ್ದ:

"ವಾಡಿ ಜಂಕ್ಷನ್‌ದಾಗ ನಿಂತೀರಿ ಅನ್ಕೋರಿ. ಚಿತ್ತಾಪುರಕ್ಕ ಹೋಗಾವ, ಸೇಡಂಗ ಹೋಗಾವ, ಇಬ್ಬರೂ ಒಂದೇ ಹಳಿ ಮ್ಯಾಲ ಹೋಗ್ತಾರ. ಒಬ್ಬೊಬ್ಬರಿಗಿ ಬ್ಯಾರೆ ಬ್ಯಾರೆ ಹಳಿ ಹಾಕ್ತಾರೇನು ಸರಕಾರದವರು? ಮಾತೂ ಹಂಗ. ‘ಬಿಸಿ’ ಅನ್ನೋದು ಚಿತ್ತಾಪುರದಾಗ ಇಳೀತದ. ‘ಬಿಸಿಲು’ ಅದೇ ಹಳಿ ಹಿಡದು ಸೇಡಂ ತನಕ ಹೋಗ್ತದ. ಯಾವ ಸ್ಟೇಷನ್‌ದಾಗ ಮಾತು ಇಳೀತದೋ ಅಲ್ಲೊಂದು ಗುರುತ ಇಡ್ರಿ, ಮುಗೀತು. ಮೊದಲನೇ ಅಕ್ಷರ ಒತ್ತಿದ್ರ ಸಾಕು, ಮುಂದ ಎಲ್ಲೆಲ್ಲಿಗಿ ಹೋಗಬಹುದು ಅಂತ ಮರಾನೇ ತೋರಸ್ತದ."

ಹೀಗೆ ಹೇಳಿಕೊಡುತ್ತಿದ್ದ ಕಾಲದಲ್ಲೇ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ನಾಲಿಗೆ ನಿಂತಿತು. ಕಲಬುರಗಿಯ ಡಾಕ್ಟರು ನೋಡಿ, "ತಿಳುವಳಿಕೆ ಪೂರಾ ಅದ. ನಾಲಿಗಿ ಅಷ್ಟೇ ಏಳವಲ್ದು" ಎಂದರು. ಸಾಬಮ್ಮನಂಥ ಮಾತುಗಾತಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಹೊಳೆಯ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಯ ದನ ತಿರುಗಿ ನೋಡುತ್ತಿದ್ದ ಬಾಯಿ ಅದು. ಈಗ ಆಕೆ ಎಡಗೈ ಎತ್ತಿ ಏನನ್ನೋ ತೋರಿಸುವಳು. ಸೊಸೆ ರಾಧಿಕಾ ನೀರು ತಂದರೆ ತಲೆ ಅಲ್ಲಾಡಿಸುವಳು, ಚಾದರ ತಂದರೆ ಕಣ್ಣು ಮುಚ್ಚಿಕೊಳ್ಳುವಳು. ಕೊನೆಗೆ ಇಬ್ಬರೂ ಅಳುವರು.

ಸಾಬಮ್ಮನಿಗೆ ಅಕ್ಷರ ಬರುತ್ತಿತ್ತು. ಹಿಂದೆ ಊರಲ್ಲಿ ಹೆಂಗಸರಿಗೆ ಓದು ಕಲಿಸಿದಾಗ ಕಲಿತವಳು. ಬಸ್ಸಿನ ಬೋರ್ಡು, ಕ್ಯಾಲೆಂಡರು ಓದಿಕೊಳ್ಳುತ್ತಿದ್ದಳು. ಚೌಡೇಶ ಮೊದಲು ಫೋನಿನಲ್ಲಿದ್ದ ಕನ್ನಡದ ಕೀಲಿಮಣೆಯನ್ನೇ ಅವಳ ಮುಂದೆ ಹಿಡಿದ. ಅವ್ವ ‘ಹ’ ಒತ್ತಿದರೆ ಅದು ‘ಹವಾಮಾನ’ ಬೇಕೇ ಎಂದು ಕೇಳಿತು, ‘ಸ’ ಒತ್ತಿದರೆ ‘ಸಮಾಲೋಚನೆ’ ಎಂದಿತು. ಪಕ್ಕದ ಮನೆಯ ನಜಮುನ್ನೀಸಾ, ಸಾಬಮ್ಮನ ಜೊತೆ ಒಂದೇ ಬಂಡೆಯ ಮೇಲೆ ಬಟ್ಟೆ ಒಗೆದು ಮುದುಕಿಯಾದವಳು, ಇಣುಕಿ ನೋಡಿ ಹೇಳಿದಳು: "ಇದೇನ್ ತಹಸೀಲ್ದಾರ್ ಆಫೀಸಿನ ಫೋನೇನೋ ಬೇಟಾ? ನಿಮ್ಮವ್ವ ಯಾವಾಗ ಸಮಾಲೋಚನೆ ಮಾಡಿದ್ದಳು? ಆಕಿ ಮಾಡಿದ್ದು ಜಗಳ."

ಚೌಡೇಶನಿಗೆ ಆ ಮಾತು ನಾಟಿತು. ತಾನೇ ಒಂದು ಮರ ಕಟ್ಟುತ್ತೇನೆ ಎಂದುಕೊಂಡ. ಅದರಲ್ಲಿ ಅವ್ವ ಆಡಿದ ಮಾತುಗಳಷ್ಟೇ ಇರಬೇಕು. ಆಕೆ ಆಡದ ಮಾತು ಒಂದೂ ಇರಬಾರದು. ಆಗ ಕವಲುಗಳು ಕಡಿಮೆ, ಹುಡುಕಾಟ ಕಡಿಮೆ, ಎರಡು ಅಕ್ಷರ ಒತ್ತುವುದರೊಳಗೆ ಬೇಕಾದ ಮಾತು ಕಣ್ಣೆದುರು ಬರುತ್ತದೆ. ಲೆಕ್ಕ ಸರಿಯಾಗಿತ್ತು. ಅವನಿಗೆ ಅದರ ಬಗ್ಗೆ ಹೆಮ್ಮೆಯೂ ಇತ್ತು.

ಮನೆಯವರೆಲ್ಲ ಮಾತು ಆಯಲು ಕುಳಿತರು. ಚೌಡೇಶ ಕ್ಲಾಸಿನ ಹಳೇ ಟ್ಯಾಬ್ ತಂದು ತೊಡೆಯ ಮೇಲಿಟ್ಟುಕೊಂಡ. ರಾಧಿಕಾ ಅಡುಗೆಮನೆಯ ಮಾತು ಹೇಳಿದಳು, ಭಾಗಣ್ಣ ಹೊಳೆಯ ಮಾತು ಹೇಳಿದ, ನಜಮುನ್ನೀಸಾ ಬೈಗುಳ ಹೇಳಿದಳು.

"ಅದೂ ಬೇಕೇನ್ರಿ ದೊಡ್ಡವ್ವಾ?" ಎಂದಳು ರಾಧಿಕಾ.

"ಬೈಗಳ ಬಿಟ್ರ ನಿಮ್ಮತ್ತಿ ಅರ್ಧ ಮೂಕಿ ಆದಂಗ. ಬರಕೋ ಬೇಟಾ. ‘ಹಾಳಾಗಿ ಹೋಗ’ ಬರಕೊಂಡಿ? ‘ಮಾರಿ ನೋಡಕೋ ಕನ್ನಡ್ಯಾಗ’, ಅದು ನನಗೇ ಬೈತಿದ್ದಳು, ಅದನ್ನ ಮೊದಲ ಬರಕೋ."

ಹೆಸರುಗಳೂ ಬಂದವು. ಮಗನ ಹೆಸರು, ಸೊಸೆಯ ಹೆಸರು, ಎಮ್ಮೆಯ ಹೆಸರು, ಚಂದಾಪುರಕ್ಕೆ ಮದುವೆಯಾಗಿ ಹೋದ ಮಗಳು ಸುಶ್ಮಿತಾಳ ಹೆಸರು, ಸತ್ತುಹೋದ ಅತ್ತೆಯ ಹೆಸರು. ಅವ್ವನ ಬಾಯಿಂದ ಕೇಳಿದ್ದನ್ನೆಲ್ಲ ನೆನೆನೆನೆದು ಹೇಳಿದರು, ಚೌಡೇಶ ಒಂದೊಂದನ್ನೇ ಮರಕ್ಕೆ ಏರಿಸಿದ. ಭಾಗಣ್ಣ ಎಂಬ ಹೆಸರನ್ನು ಯಾರೂ ಹೇಳಲಿಲ್ಲ. ಅದನ್ನು ಆಕೆಯ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಅಲ್ಲೇ ಕೂತಿದ್ದ ಭಾಗಣ್ಣನೂ ಕೇಳಿರಲಿಲ್ಲ.

ಕಾಗುಣಿತದ ಕಷ್ಟ ಬೇಡವೆಂದು ಚೌಡೇಶ ಮೂಲ ಅಕ್ಷರಗಳನ್ನಷ್ಟೇ ದೊಡ್ಡ ದೊಡ್ಡ ಮನೆಗಳಲ್ಲಿ ಇಟ್ಟ. ‘ನ’, ‘ರ’ ಒತ್ತಿದರೆ ‘ನೀರ’ ಬರುತ್ತದೆ. ಮುಟ್ಟಿದರೆ ಟ್ಯಾಬ್ ಅದನ್ನು ಗಟ್ಟಿಯಾಗಿ ನುಡಿಯುತ್ತದೆ. ಇನ್ನೊಂದು ಉಪಾಯವನ್ನೂ ಮಾಡಿದ. ಅವ್ವನ ಎಡಗೈ ನಡುಗುತ್ತಿತ್ತು, ಬೆರಳು ಪಕ್ಕದ ಮನೆಗೆ ಜಾರುತ್ತಿತ್ತು. ತಪ್ಪು ಅಕ್ಷರ ಬಿದ್ದು ಮರದಲ್ಲಿ ಮುಂದೆ ದಾರಿಯೇ ಇಲ್ಲವೆಂದಾದರೆ ಆಕೆ ಗಾಬರಿಯಾಗಬಾರದು. ಹಾಗಾಗಿ, ದಾರಿ ಮುಗಿದ ಕೂಡಲೇ ಒತ್ತಿದ ಅಕ್ಷರಗಳು ತಾವೇ ಅಳಿಸಿಹೋಗಿ, ಮರ ಮತ್ತೆ ಬೇರಿಗೆ ಬಂದು ನಿಲ್ಲುವಂತೆ ಬರೆದ. ಏನೂ ಆಗಿಲ್ಲವೆಂಬಂತೆ ಖಾಲಿ ಮನೆಗಳು ಕಾಣುತ್ತವೆ, ಹೊಸದಾಗಿ ಒತ್ತಬಹುದು. ಪ್ರೀತಿಯಿಂದ ಮಾಡಿದ ಕೆಲಸ ಅದು.

ಸಾಬಮ್ಮ ಆಡಿದ ಮೊದಲ ಮಾತು ಊಟದ ಹೊತ್ತಿನಲ್ಲಿ ಬಂತು. ಬೆರಳು ತಡವರಿಸಿತು, ಟ್ಯಾಬು ಪಟ್ಟಣದ ಹೆಣ್ಣಿನ ಧ್ವನಿಯಲ್ಲಿ ನುಡಿಯಿತು: "ಉಪ್ಪ. ಕಮ್ಮಿ."

ರಾಧಿಕಾ ಸೌಟು ಹಿಡಿದುಕೊಂಡೇ ನಕ್ಕಳು, ನಗುತ್ತಲೇ ಅತ್ತಳು. ನಜಮುನ್ನೀಸಾ, "ಈಕಿ ಯಾರ ಮನಿ ಸೊಸಿನೋ, ಭಾಳ ಸಿಸ್ತ ಮಾತಾಡ್ತಾಳ. ಇರಲಿ, ದನೀ ಯಾರದರೆ ಇರಲಿ, ತಕರಾರು ನಮ್ಮ ಸಾಬವ್ವಂದೇ" ಎಂದಳು. ಭಾಗಣ್ಣ ಮಂಚ ಬಿಟ್ಟು ಹೆಂಡತಿಯ ಬಳಿ ಬಂದು ಕೂತ. ಕೆಮ್ಮು ಸಮ ಮಾಡಿಕೊಂಡು ಕೇಳಿದ:

"ಈಗರೆ ನನ್ನ ಹೆಸರ ಹೇಳ್ತಿ ಏನ್ ಸಾಬೀ? ಈಗ ಹೇಳಾಕಿ ನೀ ಅಲ್ಲ, ಮಷೀನ. ಯಾರೂ ಹೆಸರಿಡಂಗಿಲ್ಲ."

ಸಾಬಮ್ಮ ಸೊಟ್ಟ ಬಾಯಲ್ಲೇ ನಕ್ಕು ಮುಖ ತಿರುಗಿಸಿದಳು. ಚೌಡೇಶನೂ ನಕ್ಕ. ಆ ಕ್ಷಣದಲ್ಲಿ ಒಮ್ಮೆ ಮರದೊಳಗೆ ಇಣುಕಿ ನೋಡಬೇಕು ಎಂದು ಅವನಿಗೆ ಹೊಳೆಯಲಿಲ್ಲ. ಅವ್ವನ ಮಾತೆಲ್ಲ ಅದರಲ್ಲಿದೆ ಎಂದೇ ಅವನು ನಂಬಿದ್ದ.

ಭಾಗಣ್ಣನ ಎದೆಯಲ್ಲಿ ಕಲ್ಲಿನ ದೂಳು ಕೂತು ಬಹಳ ವರ್ಷಗಳಾಗಿದ್ದವು. ಆ ಮಳೆಗಾಲ ಅದು ಅವನನ್ನು ಮಂಚಕ್ಕೆ ಕೆಡವಿತು. ಡಾಕ್ಟರು ಚೌಡೇಶನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಬೇಕಾದ್ದನ್ನು ಉಣ್ಣಿಸಿ ಎಂದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಸಾಬಮ್ಮನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಯಿತು. ತನ್ನ ಹಾಸಿಗೆಯನ್ನು ಗಂಡನ ಮಂಚದ ಮಗ್ಗುಲಿಗೆ ಎಳೆಸಿಕೊಂಡಳು.

ಆವತ್ತಿನಿಂದ ಆಕೆ ಸಂಜೆ ಸಂಜೆ ಟ್ಯಾಬು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತನ್ನು ಕಟ್ಟತೊಡಗಿದಳು. ಮರ ಕೊಟ್ಟ ಮಾತುಗಳನ್ನು ಒಂದೊಂದಾಗಿ ಹೆಕ್ಕಿ ಮುಟ್ಟುವಳು, ಆ ಪಟ್ಟಣದ ಹೆಣ್ಣು ಒಂದೊಂದಾಗಿ ನುಡಿಯುವಳು:

"ಹೊಳಿ ತುಂಬ ಕೆಂಪ ನೀರ. ಬಲಿ ತುಂಬ ಬೆಳ್ಳಿ ಮೀನ. ಮನಿ ತುಂಬ ನಗಿ ತಂದವರು."

ಅಲ್ಲಿಗೆ ನಿಲ್ಲುತ್ತಿತ್ತು.

ಭಾಗಣ್ಣನಿಗೆ ಮೊದಲ ಸಲವೇ ಅರ್ಥವಾಯಿತು. ಒಡಪು. ಹೊಸ್ತಿಲಲ್ಲಿ ಹಾಕದೆ ಉಳಿಸಿಕೊಂಡದ್ದು. ಅವನ ಕಣ್ಣುಗಳು ಅರಳಿದವು. "ಮುಂದ?" ಎಂದ. ಸಾಬಮ್ಮನ ಬೆರಳು ಟ್ಯಾಬಿನ ಮೇಲೆ ಆಡಿತು. ದನಿ ಬರಲಿಲ್ಲ. "ಮುಂದ ಹೇಳಲೇ, ತಂದವರು ಯಾರು?" ಎಂದ. ಬೆರಳು ಮತ್ತೆ ಆಡಿತು. ದನಿ ಇಲ್ಲ. ಭಾಗಣ್ಣ ದಿಂಬಿಗೆ ಒರಗಿ ನಕ್ಕ. "ನೋಡು ನೋಡು. ತುದೀಗಿ ಬಂದು ನಿಂದರ್ತಾಳ. ಹಟಮಾರಿ."

ಒಂದು ಸಂಜೆ ಆಕೆಯ ಬೆರಳು ಜಾರಿ ಬೇರೇನನ್ನೋ ಮುಟ್ಟಿತು. ‘ಭ’ ಒತ್ತಿದರೆ ಮರ ತೋರಿಸುತ್ತಿದ್ದುದು ಭಾಳ, ಭಜಿ, ಭಾಂಡಿ. ಆ ಹೆಣ್ಣುದನಿ ಗಂಭೀರವಾಗಿ ನುಡಿಯಿತು: "ಮನಿ ತುಂಬ ನಗಿ ತಂದವರು ಭಜಿ."

ಮನೆಯೆಲ್ಲ ನಕ್ಕಿತು. ಭಾಗಣ್ಣ ಕೆಮ್ಮುತ್ತ ಕೆಮ್ಮುತ್ತ, "ಇಷ್ಟ ವರ್ಷ ಸಂಸಾರ ಮಾಡಿ ಕಡೀಕಿ ನಾ ಭಜಿ ಆದೆ ಏನ್ ಸಾಬೀ" ಎಂದ. ರಾಧಿಕಾ ಒಳಗೆ ಹೋಗಿ ಎಣ್ಣೆ ಇಟ್ಟು ಉಳ್ಳಾಗಡ್ಡಿ ಭಜಿ ಕರಿದು ತಂದಳು. ಎಲ್ಲರೂ ತಿಂದರು. ಸಾಬಮ್ಮ ತಿನ್ನಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಚೌಡೇಶ, ಅವ್ವನಿಗೆ ನಾಚಿಕೆಯಾಯಿತು ಎಂದುಕೊಂಡ. ಅಪ್ಪ ಅವ್ವನ ಆಟದಲ್ಲಿ ಮಗ ಯಾಕೆ ತಲೆ ಹಾಕಬೇಕು ಎಂದು ದೂರವೇ ಉಳಿದ. ಒಂದು ಸಲ ಹಿಂದೆ ನಿಂತು ಪರದೆಯನ್ನು ನೋಡಿದ್ದರೆ ಸಾಕಿತ್ತು. ‘ಭ’ ಬಿದ್ದು, ‘ಗ’ ಬಿದ್ದು, ಎರಡೂ ಕಣ್ಮರೆಯಾಗುವುದು ಅವನಿಗೆ ಕಾಣುತ್ತಿತ್ತು.

ಭಾಗಣ್ಣ ತೀರಿಕೊಂಡ ದಿನ ಹೊಳೆ ಸೇತುವೆಗೆ ಸಮವಾಗಿ ಹರಿಯುತ್ತಿತ್ತು. ಬೆಳಿಗ್ಗೆ ಚಹಾ ಕುಡಿದ. ಹೆಂಡತಿ ಮತ್ತೆ ಒಡಪು ಕಟ್ಟಿದಳು. ತುದಿಗೆ ಬಂದು ಮತ್ತೆ ನಿಂತಳು. ಅವನು ಅವಳ ಎಡಗೈಯನ್ನು ಟ್ಯಾಬಿನ ಮೇಲಿಂದ ಎತ್ತಿ ತನ್ನ ಅಂಗೈಯಲ್ಲಿ ಇಟ್ಟುಕೊಂಡು, "ಇರಲಿ ಬಿಡು. ನೀನೇ ಗೆದ್ದಿ" ಎಂದ. ಮಧ್ಯಾಹ್ನದೊಳಗೆ ಉಸಿರು ನಿಂತಿತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು.

ಅಪ್ಪನ ದಿನಕರ್ಮ ಮುಗಿದು, ಚೌಡೇಶ ಮತ್ತೆ ಕ್ಲಾಸಿಗೆ ಹೋಗತೊಡಗಿದ. ಬಿಸಿಎ ಹುಡುಗರಿಗೆ ಮಾತಿನ ಮರದ ಪಾಠ ಬಾಕಿ ಇತ್ತು. ಬರೀ ಹಲಗೆಯ ಮೇಲೆ ಯಾಕೆ, ನಡೆಯುವ ಮರವನ್ನೇ ತೋರಿಸೋಣ ಎಂದು ಅವ್ವನ ಮರದ ಒಂದು ಪ್ರತಿಯನ್ನು ದೊಡ್ಡ ಪರದೆಗೆ ಹಾಕಿದ. ಹುಡುಗರು ಬೈಗುಳ ಹುಡುಕಿ ಹುಡುಕಿ ನಕ್ಕರು. ಮುಂದಿನ ಬೆಂಚಿನ ಚನ್ನು ಎಂಬ ಹುಡುಗ, "ಸರ್, ನಿಮ್ಮ ಹೆಸರ ಹುಡುಕ್ರಿ" ಎಂದ. ಚೌಡೇಶ ‘ಚ’, ‘ಡ’ ಒತ್ತಿದ. ಹೆಸರು ಬಂತು.

"ನಿಮ್ಮ ಅಪ್ಪಾರದು ಹುಡುಕ್ರಿ ಸರ್."

ಚೌಡೇಶ ‘ಭ’ ಒತ್ತಿದ. ಭಾಳ, ಭಜಿ, ಭಾಂಡಿ. ‘ಗ’ ಒತ್ತಿದ. ಅಕ್ಷರಗಳು ಹೋದವು. ಖಾಲಿ ಮನೆಗಳು ಕಂಡವು.

"ಸರ್, ಒತ್ತಿದ್ದೇ ಅಳಿಸಿ ಹೋಯ್ತಲ್ರಿ" ಎಂದ ಚನ್ನು.

ಚೌಡೇಶ ಮತ್ತೊಮ್ಮೆ ಒತ್ತಿದ. ಬೆರಳು ಜಾರಿರಬಹುದು ಎಂಬಂತೆ ನಿಧಾನವಾಗಿ, ಮೂರನೆಯ ಸಲ ಒತ್ತಿದ. ಆಮೇಲೆ ಮೇಜು ಹಿಡಿದು ಕುಳಿತ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇವತ್ತ ಇಷ್ಟೇ ಸಾಕು, ಹೋಗ್ರಿ" ಎಂದ.

ಮನೆಗೆ ಬರುವ ದಾರಿಯುದ್ದಕ್ಕೂ ಅವನಿಗೆ ಕಾಣುತ್ತಿದ್ದುದು ಆ ಬೆರಳೊಂದೇ. ಅಷ್ಟೂ ಸಂಜೆ ಅದು ಬಾಗಿಲು ಬಡಿದಿತ್ತು. ಅಪ್ಪನ ಕಿವಿ ಮಗ್ಗುಲಲ್ಲೇ ತೆರೆದುಕೊಂಡು ಕಾದಿತ್ತು. ನಡುವೆ ಇದ್ದದ್ದು ತಾನು ಬರೆದ ಒಂದೇ ಒಂದು ಸಾಲು: ದಾರಿ ಇಲ್ಲದಿದ್ದರೆ ಅಳಿಸಿ, ಬೇರಿಗೆ ಹೋಗು. ಇಲ್ಲ ಎಂದಾದರೂ ಹೇಳಿಸಬಹುದಿತ್ತು. ಒತ್ತಿದ ಎರಡು ಅಕ್ಷರಗಳನ್ನು ಹಾಗೇ ನಿಲ್ಲಿಸಿದ್ದರೂ ಅಪ್ಪ ಓದಿಕೊಳ್ಳುತ್ತಿದ್ದ. ಶೆಡ್ಡಿನಲ್ಲಿ ಹಾಜರಿ ಹಾಕಲು ತನ್ನ ಹೆಸರಿನ ಅಕ್ಷರಗಳನ್ನಷ್ಟೇ ಕಲಿತಿದ್ದ ಅವನು.

ಮನೆಯಲ್ಲಿ ಅವ್ವ ಗೋಡೆಗೆ ಒರಗಿ ಕೂತಿದ್ದಳು. ನಜಮುನ್ನೀಸಾ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಚೌಡೇಶ ಟ್ಯಾಬು ತೆಗೆದುಕೊಂಡು ಅಲ್ಲೇ ನೆಲಕ್ಕೆ ಕೂತು ಹೆಸರನ್ನು ಮರಕ್ಕೆ ಏರಿಸಿದ. ಒಂದು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಆಮೇಲೆ ಅವ್ವನ ಮುಂದೆ ಸರಿದು ಕೂತ.

"ಅವ್ವಾ, ಅಪ್ಪನ ಹೆಸರ ಇದರಾಗ ಇದ್ದಿದ್ದಿಲ್ಲ. ನಾ ಹಾಕಿದ್ದಿಲ್ಲ. ಅದಕ್ಕ ಬರ್ಲಿಲ್ಲ."

ನಜಮುನ್ನೀಸಾಳ ಕೈ ನಿಂತಿತು. "ಯಾ ಅಲ್ಲಾ" ಎಂದು ಮೆಲ್ಲಗೆ ಅಂದಳು. "ನಾನೂ ಅಲ್ಲೇ ಕುಂತಿದ್ದೆ ಬೇಟಾ. ಎಮ್ಮಿ ಹೆಸರ ನೆನಪ ಮಾಡಿ ಹೇಳಿದೆ. ಅದು ನನಗೂ ಹೊಳೀಲಿಲ್ಲ."

ಸಾಬಮ್ಮ ಮಗನ ಮುಖ ನೋಡಿದಳು. ಟ್ಯಾಬು ಎಳೆದುಕೊಂಡು ಒಂದೊಂದೇ ಮಾತು ಹೆಕ್ಕಿದಳು.

"ನೀ. ಬೇಕಂತ. ಬಿಟ್ಟಿ. ತಿಳಕೊಂಡೆ."

ಚೌಡೇಶ ತಲೆ ಅಲ್ಲಾಡಿಸಿದ. ಬೇಕೆಂದು ಬಿಟ್ಟದ್ದಲ್ಲ ಎಂದು ಹೇಳಹೊರಟ. ಆಕೆಯ ಬೆರಳು ಇನ್ನೂ ಆಡುತ್ತಿತ್ತು.

"ಮಗ. ಸರಿ. ಮಾಡ್ಯಾನ. ಅಂದೆ."

ಅದನ್ನು ಕೇಳಿ ರಾಧಿಕಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಎಲ್ಲರಿಗೂ ಈಗ ತಿಳಿಯಿತು. ಹೆಸರು ಒತ್ತಿದಾಗಲೆಲ್ಲ ಅಳಿಸಿಹೋಗುತ್ತಿದ್ದುದನ್ನು ಸಾಬಮ್ಮ ಯಂತ್ರದ ದೋಷವೆಂದು ತಿಳಿದಿರಲಿಲ್ಲ. ಓದಿದ ಮಗ, ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರಬಾರದೆಂದು ತಿಳಿದೇ ಬೇಲಿ ಹಾಕಿದ್ದಾನೆ ಎಂದುಕೊಂಡಿದ್ದಳು. ಬೇಲಿ ಒಳ್ಳೆಯದಕ್ಕೇ ಎಂದು ನಂಬಿಕೊಂಡೂ, ಮನಸ್ಸು ತಡೆಯದೆ, ಸಂಜೆ ಸಂಜೆ ಹೋಗಿ ಅದನ್ನು ಅಲುಗಿಸಿ ನೋಡಿದ್ದಳು. ಯಾರಿಗೂ ದೂರು ಹೇಳದೆ ಇದ್ದುದು ಅದಕ್ಕೇ.

"ಈಗ ಅದ ಅವ್ವಾ" ಎಂದ ಚೌಡೇಶ. ತಾನೇ ‘ಭ’ ಒತ್ತಿದ, ‘ಗ’ ಒತ್ತಿದ. ಹೆಸರು ಕಂಡಿತು. ಯಾಕೆ ಮುಟ್ಟಿದನೋ, ಮುಟ್ಟಿಬಿಟ್ಟ. ಪಟ್ಟಣದ ಹೆಣ್ಣಿನ ದನಿ, ಉಪ್ಪು ಎಂದ ಹಾಗೆಯೇ, ಸ್ಪಷ್ಟವಾಗಿ ಹೇಳಿತು:

"ಭಾಗಣ್ಣ."

ಸಾಬಮ್ಮ ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಟ್ಯಾಬಿನ ಮೇಲೆ ಬಾಗಿದಳು.

"ಈಗ. ಯಾರ. ಕೇಳ್ತಾರ. ತಗಿ."

"ಇರಲಿ ಅವ್ವಾ."

"ತಗಿ."

ಚೌಡೇಶ ತೆಗೆದ. ಮರದಿಂದ ಮಾತೊಂದನ್ನು ತೆಗೆಯುವುದು ಸುಲಭದ ಕೆಲಸ: ಅದರ ತುದಿಯ ಗುರುತನ್ನು ಅಳಿಸಬೇಕು, ಆಮೇಲೆ ಬೇರೆ ಯಾವ ಮಾತಿಗೂ ಬೇಕಾಗದ ಅಕ್ಷರಗಳನ್ನು ಕವಲಿನ ಸಮೇತ ಕತ್ತರಿಸಬೇಕು. ಕ್ಲಾಸಿನಲ್ಲಿ ಅವನು ಹಾಗೆಂದೇ ಕಲಿಸುತ್ತಾನೆ. ಬೇಡದ ಕೊಂಬೆ ಬಿಟ್ಟರೆ ಮರಕ್ಕೆ ಸುಮ್ಮನೆ ಭಾರ, ಹಾಗೆ ಬಿಟ್ಟವನ ಅಂಕ ಕಡಿಯುತ್ತಾನೆ. ಅವ್ವನ ಮರದಲ್ಲಿ ಮಾತ್ರ ಅವನು ಗುರುತನ್ನಷ್ಟೇ ಅಳಿಸಿದ. ‘ಭ’ದ ಕೆಳಗೆ ‘ಗ’, ‘ಗ’ದ ಕೆಳಗೆ ‘ಣ’, ಕತ್ತರಿಸಲು ಕೈ ಬರದೆ ಹಾಗೇ ಉಳಿದವು. ಒತ್ತಿದರೆ ಈಗ ಅಳಿಸಿಹೋಗುವುದಿಲ್ಲ. ದನಿಯೂ ಬರುವುದಿಲ್ಲ.

ಸಾಬಮ್ಮ ಆ ಕಡೆ ಹೋಗುವುದಿಲ್ಲ. ಚಹಾ ಕೇಳುತ್ತಾಳೆ, ಎಮ್ಮೆಗೆ ನೀರು ತೋರಿಸಿದಿರಾ ಎಂದು ಕೇಳುತ್ತಾಳೆ, ನಜಮುನ್ನೀಸಾ ಬಂದರೆ ಬೈಯುತ್ತಾಳೆ. ಚೌಡೇಶ ಕೆಲಸದಿಂದ ಬಂದವನು ಈಗ ಅವ್ವನ ಎದುರಿಗೆ ಕೂರುವುದಿಲ್ಲ. ಹಿಂದೆ, ಪರದೆ ಕಾಣುವಲ್ಲಿ ಕೂರುತ್ತಾನೆ.